ಅಪ್ಪನಿಗೆ ನಾಲ್ಕನೇ ಕೀಮೋ ಆದ ಮೇಲೆ ಒಣಕೆಮ್ಮು. ಎಕ್ಸ್‌ರೇ ಚೆನ್ನಾಗಿದೆ ಅಂತಾರೆ. ಶನಿವಾರದವರೆಗೆ ಕಾಯಬಹುದಾ?

ತುಮರಿ_ಮಗ · ಸೋಮವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಬೆಂಗಳೂರಿನಲ್ಲಿ ಆರ್-ಚಾಪ್ ಕೀಮೋ ನಡೆಯುತ್ತಿದೆ. 21 ದಿನಕ್ಕೊಂದು, ಒಟ್ಟು 6. ನಾಲ್ಕನೆಯದು ಆಗಿ ಇವತ್ತಿಗೆ 16 ದಿನ. ಗಂಟುಗಳು ಕರಗಿವೆ, ಸ್ಕ್ಯಾನ್ ಚೆನ್ನಾಗಿ ಬಂದಿದೆ. ಎರಡು ಕೀಮೋ ನಡುವೆ ಊರಿಗೆ ಕರೆದುಕೊಂಡು ಬರುತ್ತೇವೆ. ಅವರಿಗೂ ಮನೆ, ತೋಟ ನೋಡಿದರೆ ಸಮಾಧಾನ.

ಈಗ ಐದಾರು ದಿನದಿಂದ ಒಣಕೆಮ್ಮು. ಕಫ ಇಲ್ಲವೇ ಇಲ್ಲ. ಜ್ವರ 99.5, ಸಂಜೆ ಹೊತ್ತಿಗೆ 100. ಊಟ ಮಾಡುತ್ತಾರೆ, ಮಾತಾಡುತ್ತಾರೆ. ಆದರೆ ಬಚ್ಚಲಿಗೆ ಹೋಗಿ ಬಂದರೆ ಜಗಲಿಯ ಕಂಬ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕೇಳಿದರೆ "ಎಂತ ಇಲ್ಲ ಮಾರಾಯ, ಕೀಮೋದ ಸುಸ್ತು" ಅನ್ನುತ್ತಾರೆ. ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಕೆಮ್ಮಿನ ಸಿರಪ್, ಐದು ದಿನದ ಆಂಟಿಬಯಾಟಿಕ್ ಕೊಟ್ಟರು. ಬಿಳಿ ಕಣ 4,800, ಅದೂ ಚೆನ್ನಾಗಿದೆಯಂತೆ.

ಐದನೇ ಕೀಮೋ ಶನಿವಾರ. ಹೇಗೂ ಬೆಂಗಳೂರಿಗೆ ಹೋಗಲೇಬೇಕು. ಅಲ್ಲಿಯವರೆಗೆ ಕಾದು ಅಲ್ಲೇ ಹೇಳಿದರೆ ಸಾಕಾ? ಸುಮ್ನೆ ಗಾಬರಿಯಾಗುತ್ತಿದ್ದೇನಾ ಗೊತ್ತಾಗುತ್ತಿಲ್ಲ.

ಗುಬ್ಬಿ_ಶಿವು · ರಾತ್ರಿ 9:02

ಕೌಂಟ್ 4,800 ಇದ್ದರೆ ಹೆದರಬೇಡಿ ಅಣ್ಣ. ನಮ್ಮ ಅತ್ತೆಗೂ ಕೀಮೋ ಟೈಮಲ್ಲಿ ಕೆಮ್ಮು ಇತ್ತು, ತಾನಾಗಿ ಹೋಯಿತು. ಕೌಂಟ್ ಬಿದ್ದಾಗ ಮಾತ್ರ ಇನ್ಫೆಕ್ಷನ್ ಭಯ. ಹವಾಮಾನ ಬದಲಾದಾಗ ಎಲ್ಲರಿಗೂ ಕೆಮ್ಮು ಬರುತ್ತದೆ.

ವಾರ್ಡ್_ಅಕ್ಕ · ರಾತ್ರಿ 9:06

ತುಮರಿಯವರೇ, ನಾನು ಕ್ಯಾನ್ಸರ್ ವಾರ್ಡಿನಲ್ಲಿ 11 ವರ್ಷದಿಂದ ನರ್ಸ್. ಕಂಬ ಹಿಡಿದು ನಿಲ್ಲುತ್ತಾರೆ ಅಂದಿರಲ್ಲ, ನನಗೆ ಕೆಮ್ಮಿಗಿಂತ ಅದೇ ಜಾಸ್ತಿ ಚಿಂತೆ.

ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದೆಯಾ? ಕೋವಿಡ್ ಕಾಲದ್ದು ಇದ್ದರೂ ಸರಿ, ಸೆಲ್ ಬದಲಾಯಿಸಿ. ಮೊದಲು ಕುಳಿತಲ್ಲಿ ನೋಡಿ. 94ಕ್ಕಿಂತ ಕಡಿಮೆ ಇದ್ದರೆ ನಡೆಸುವುದೇ ಬೇಡ, ನೇರ ಆಸ್ಪತ್ರೆ. 94 ಅಥವಾ ಮೇಲಿದ್ದರೆ ಕೈ ಹಿಡಿದುಕೊಂಡು ಅಂಗಳದಲ್ಲಿ ಒಂದು ನಿಮಿಷ ನಿಧಾನವಾಗಿ ನಡೆಸಿ, ಬೆರಳಿನಿಂದ ಮೀಟರ್ ತೆಗೆಯಬೇಡಿ. ಏದುಸಿರು ಬಂದರೆ ತಕ್ಷಣ ಕೂರಿಸಿ. ಎರಡೂ ನಂಬರ್ ಇಲ್ಲಿ ಹಾಕಿ.

ಇನ್ನೊಂದು, ಜ್ವರಕ್ಕೆ ಡೋಲೋ ಕೊಡುತ್ತಿದ್ದೀರಾ? ಕೊಡುತ್ತಿದ್ದರೆ ಆ 100 ನಿಜವಾದ 100 ಅಲ್ಲ.

ತುಮರಿ_ಮಗ · ರಾತ್ರಿ 9:10

ಹೌದು ಅಕ್ಕ, ಬೆಳಿಗ್ಗೆ ಒಂದು ರಾತ್ರಿ ಒಂದು ಡೋಲೋ. ಮೈಕೈ ನೋವು ಅಂತ. ಮೀಟರ್ ಪಕ್ಕದ ಮನೆಯಲ್ಲಿದೆ, ತರುತ್ತೇನೆ.

ಶ್ವಾಸ_ಪಿಜಿ · ರಾತ್ರಿ 9:21

ನಾನು ಶ್ವಾಸಕೋಶ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಇಲ್ಲಿ ಕೂತು ರೋಗ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ. ಆದರೆ ಶಿವು ಅವರ ಮಾತನ್ನು ತಿದ್ದಲೇಬೇಕು. ಎಷ್ಟೋ ಜನ ಹೀಗೇ ನಂಬಿಕೊಂಡು ತಡವಾಗಿ ಬರುತ್ತಾರೆ.

ಬಿಳಿ ಕಣ ಅಂದರೆ ಒಂದೇ ಜಾತಿಯಲ್ಲ. ನ್ಯೂಟ್ರೋಫಿಲ್ ಅನ್ನುವ ಜಾತಿ ಬಿದ್ದಾಗ ಬ್ಯಾಕ್ಟೀರಿಯಾ ಮತ್ತು ಆಸ್ಪರ್ಜಿಲಸ್ ಥರದ ಬೂಷ್ಟು ನುಗ್ಗುತ್ತವೆ. ಅದು ಸಾಮಾನ್ಯವಾಗಿ ಕೀಮೋ ಆಗಿ 7ರಿಂದ 14 ದಿನದ ಒಳಗಿನ ಕಥೆ. ಆದರೆ ಆರ್-ಚಾಪ್‌ನಲ್ಲಿ ಪ್ರತಿ ಸಲ ಐದು ದಿನ ದೊಡ್ಡ ಡೋಸ್ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಇರುತ್ತದೆ, ಜೊತೆಗೆ ರಿಟುಕ್ಸಿಮ್ಯಾಬ್ ಅನ್ನುವ ಔಷಧ. ಇವೆರಡೂ ಲಿಂಫೋಸೈಟ್ ಅನ್ನುವ ಇನ್ನೊಂದು ಜಾತಿಯ ಬಿಳಿ ಕಣದ ಶಕ್ತಿ ಕುಂದಿಸುತ್ತವೆ. ಆಗ ಬರುವುದು ಬೇರೆ ಗುಂಪು: ನ್ಯುಮೋಸಿಸ್ಟಿಸ್ ಅನ್ನುವ ಶ್ವಾಸಕೋಶದ ಸೋಂಕು, ವೈರಸ್‌ಗಳು, ಮಲಗಿದ್ದ ಟಿಬಿ ಏಳುವುದು. ಇವಕ್ಕೆ ಒಟ್ಟು ಕೌಂಟ್ 4,800 ಇದ್ದರೂ ಒಂದೇ, 8,000 ಇದ್ದರೂ ಒಂದೇ.

ನ್ಯುಮೋಸಿಸ್ಟಿಸ್ ಬಂದಾಗ ಮೊದಮೊದಲು ಎಕ್ಸ್‌ರೇ ಪೂರ್ತಿ ಚೆನ್ನಾಗಿಯೇ ಕಾಣಬಹುದು. ಸಿಟಿ ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾಗುತ್ತದೆ. ಒಣಕೆಮ್ಮು, ಸಣ್ಣ ಜ್ವರ, ಕೂತಾಗ ಆರಾಮ, ನಡೆದರೆ ದಮ್ಮು. ನೀವು ಬರೆದದ್ದು ಓದಿ ನನಗೆ ಅದೇ ನೆನಪಾಯಿತು. ಬೇರೆ ಏನೋ ಇರಬಹುದು. ಆದರೆ ಶನಿವಾರ ತುಂಬಾ ದೂರ.

ತುಮರಿ_ಮಗ · ರಾತ್ರಿ 9:34

ಕೂತಾಗ 94. ಅಂಗಳದಲ್ಲಿ ಅರ್ಧ ಸುತ್ತು ನಡೆಸಿದೆ. 87ಕ್ಕೆ ಬಂತು. ಕೂರಿಸಿದ ಮೇಲೆ ನಿಧಾನವಾಗಿ 93.

ವಾರ್ಡ್_ಅಕ್ಕ · ರಾತ್ರಿ 9:35

ಈಗಲೇ ಹೊರಡಿ.

ಬೆಂಗಳೂರಿಗೆ ಅಲ್ಲ. ಅಷ್ಟು ದೂರ ಆಕ್ಸಿಜನ್ ಇಲ್ಲದೆ ಬೇಡ. ಶಿವಮೊಗ್ಗಕ್ಕೆ, ಸಿಟಿ ಸ್ಕ್ಯಾನ್ ಮತ್ತು ಐಸಿಯು ಇರುವ ಕಡೆ. 108ಕ್ಕೆ ಫೋನ್ ಮಾಡಿ. ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಡಬ್ಬಿ ಪೂರ್ತಿ, ಎಲ್ಲ ರಿಪೋರ್ಟ್ ತೆಗೆದುಕೊಳ್ಳಿ. ದಾರಿಯಲ್ಲೇ ಬೆಂಗಳೂರಿನ ಕ್ಯಾನ್ಸರ್ ಡಾಕ್ಟರ ತುರ್ತು ನಂಬರಿಗೆ ಮಾಡಿ. ಆಸ್ಪತ್ರೆ ಬಾಗಿಲಲ್ಲಿ "ಕೆಮ್ಮು" ಅಂತ ಶುರು ಮಾಡಬೇಡಿ. "ಲಿಂಫೋಮಾ, ಕೀಮೋ ಆಗಿ 16 ದಿನ, ನಡೆದರೆ ಸ್ಯಾಚುರೇಶನ್ 87" ಅನ್ನಿ. ಕೇಳಿಸಿಕೊಳ್ಳುವ ರೀತಿಯೇ ಬದಲಾಗುತ್ತದೆ.

ಸಾಗರ_ಸುಧೀ · ರಾತ್ರಿ 9:41

ದೇವರ ದಯೆ, ತುಮರಿಯಿಂದ ಶರಾವತಿ ಹಿನ್ನೀರು ದಾಟಲು ಈಗ ಸೇತುವೆ ಇದೆ. 2025ರ ಜುಲೈಗೆ ಮೊದಲಾಗಿದ್ದರೆ ಈ ಹೊತ್ತಿಗೆ ಲಾಂಚ್ ನಿಂತಿರುತ್ತಿತ್ತು, ಹೊಸನಗರ ಸುತ್ತಿಕೊಂಡು ಬರಬೇಕಿತ್ತು. ನಮ್ಮ ದೊಡ್ಡಪ್ಪನನ್ನು ಹಾಗೆ ಸುತ್ತಿಸಿಕೊಂಡು ತಂದ ರಾತ್ರಿ ನಾನಿನ್ನೂ ಮರೆತಿಲ್ಲ. ಸಾಗರದಲ್ಲಿ ಏನಾದರೂ ಬೇಕಿದ್ದರೆ ಇಲ್ಲೇ ಮೆಸೇಜ್ ಹಾಕಿ, ಎಚ್ಚರ ಇರುತ್ತೇನೆ.

ತುಮರಿ_ಮಗ · ರಾತ್ರಿ 9:58

ಹೊರಟೆವು.

ತುಮಕೂರು_ಟೀಚರ್ · ರಾತ್ರಿ 10:20

ಅವರು ತಲುಪುವವರೆಗೆ ನನಗೂ ನಿದ್ದೆ ಬರುವುದಿಲ್ಲ. ಡೋಲೋ ವಿಷಯ ಬಂತಲ್ಲ, ನನ್ನದೇ ಹೇಳುತ್ತೇನೆ.

ನನಗೆ ಸ್ತನ ಕ್ಯಾನ್ಸರ್. ಎಸಿ ಅನ್ನುವ ಕೀಮೋ ಮೂರನೆಯದು ಆಗಿ 9ನೇ ದಿನ, ನಡುರಾತ್ರಿ ಎರಡು ಗಂಟೆಗೆ ಚಳಿ ಬಂತು. ಥರ್ಮಾಮೀಟರ್ 101.2. ಮನೆಯವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ಡೋಲೋ ನುಂಗಿ ಮಲಗಿದೆ. ಬೆಳಿಗ್ಗೆ 98.6. ಸರಿ ಹೋಯಿತು ಅಂತ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಿದ್ದೆ, ಅಲ್ಲೇ ಕುಸಿದೆ. ಆಸ್ಪತ್ರೆಯಲ್ಲಿ ಬಿಪಿ 80, ನ್ಯೂಟ್ರೋಫಿಲ್ 200. ಎಡಗಡೆ ಶ್ವಾಸಕೋಶದಲ್ಲಿ ನ್ಯುಮೋನಿಯಾ. ನನಗೆ ಕೆಮ್ಮೇ ಇರಲಿಲ್ಲ! ಆರು ದಿನ ಅಲ್ಲೇ ಇದ್ದೆ.

ಅವತ್ತು ಡಾಕ್ಟರ್ ಹೇಳಿದ್ದು ಮನಸ್ಸಿನಲ್ಲಿ ಕೂತಿದೆ. ಕೀವು, ಕಫ ಆಗಬೇಕಾದರೂ ನ್ಯೂಟ್ರೋಫಿಲ್ ಬೇಕು. ಅದೇ ಇಲ್ಲದಿದ್ದರೆ ಕಫವೂ ಇಲ್ಲ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆಯೂ ಸರಿಯಾಗಿ ಕಾಣುವುದಿಲ್ಲ. ಜ್ವರ ಒಂದೇ ಸುಳಿವು. ಆ ಒಂದನ್ನೂ ನಾನು ಮಾತ್ರೆ ಹಾಕಿ ಅಳಿಸಿದ್ದೆ.

ಆದರೆ ಹೊಸದಾಗಿ ಕೀಮೋ ಶುರು ಮಾಡಿದವರು ಇದನ್ನು ಓದಿ ಹೆದರಬೇಡಿ. ನನ್ನ ಜೊತೆ ಕೀಮೋ ತೆಗೆದುಕೊಂಡ ಹೆಂಗಸರಲ್ಲಿ ಹೆಚ್ಚಿನವರಿಗೆ ಇಂಥದ್ದು ಏನೂ ಆಗಲಿಲ್ಲ. ನನಗೂ ಮುಂದಿನ ಸಲದಿಂದ ಕೀಮೋ ಮುಗಿದ ಮಾರನೇ ದಿನ ಕೌಂಟ್ ಏರಿಸುವ ಪೆಗ್ ಇಂಜೆಕ್ಷನ್ ಕೊಟ್ಟರು. ಸೊಂಟದ ಮೂಳೆ ಎರಡು ದಿನ ಒಡೆದ ಹಾಗೆ ನೋವು, ಆದರೆ ಮತ್ತೆ ಜ್ವರ ಬರಲಿಲ್ಲ.

ಗುಬ್ಬಿ_ಶಿವು · ರಾತ್ರಿ 10:31

ನಾನು ತಿಳಿಯದೆ ಬರೆದೆ, ಕ್ಷಮಿಸಿ. ಹಾಗಾದರೆ ಜ್ವರ ಎಷ್ಟಾದರೆ ಓಡಬೇಕು? ಅತ್ತೆಗೆ ಇನ್ನೂ ಎರಡು ಕೀಮೋ ಬಾಕಿ ಇದೆ.

ವಾರ್ಡ್_ಅಕ್ಕ · ರಾತ್ರಿ 10:40

ಕೇಳಿದ್ದು ಒಳ್ಳೆಯದಾಯಿತು ಶಿವು. ಒಂದೇ ಸಲ 101 ತಲುಪಿದರೆ, ಅಥವಾ 100.4 ಒಂದು ಗಂಟೆ ನಿಂತರೆ, ಅದು ತುರ್ತು. ನಮ್ಮಲ್ಲಿ 100.4 ಕಂಡ ಕೂಡಲೇ ಫೋನ್ ಮಾಡಿ ಅನ್ನುತ್ತೇವೆ. ಬಾಯಲ್ಲಿ ಇಟ್ಟು ನೋಡಿ. ಕಂಕುಳಲ್ಲಿ ಇಟ್ಟರೆ ಸ್ವಲ್ಪ ಕಡಿಮೆ ತೋರಿಸುತ್ತದೆ. ನ್ಯೂಟ್ರೋಫಿಲ್ ಬಿದ್ದವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಹೋಗಬೇಕು. ರಿಪೋರ್ಟ್ ಬರಲಿ ಅಂತ ಕಾಯುವುದಿಲ್ಲ.

ನ್ಯೂಟ್ರೋಫಿಲ್ ಎಷ್ಟು ಅಂತ ರಿಪೋರ್ಟಿನಲ್ಲಿ ನೀವೇ ಲೆಕ್ಕ ಹಾಕಬಹುದು. ಒಟ್ಟು ಕೌಂಟ್ 1,200, ಅದರಲ್ಲಿ ನ್ಯೂಟ್ರೋಫಿಲ್ ಶೇ. 30 ಅಂದರೆ 360. 500ಕ್ಕಿಂತ ಕೆಳಗೆ ಅಪಾಯ. ಬರೀ 1,200 ನೋಡಿ "ಪರವಾಗಿಲ್ಲ" ಅಂದುಕೊಳ್ಳುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಲೀಡ್ಸ್_ಕನ್ನಡಿತಿ · ರಾತ್ರಿ 11:15

ಇಲ್ಲಿ ಬ್ರಿಟನ್ನಿನಲ್ಲಿ ಕೀಮೋ ಶುರುವಾಗುವ ದಿನವೇ ಕೈಗೆ ಒಂದು ಅಲರ್ಟ್ ಕಾರ್ಡ್ ಕೊಡುತ್ತಾರೆ. ಪರ್ಸಿನಲ್ಲಿ ಇಟ್ಟುಕೊಳ್ಳುವಂಥದ್ದು. 24 ಗಂಟೆ ಎತ್ತುವ ಫೋನ್ ನಂಬರ್ ಅದರಲ್ಲೇ ಇರುತ್ತದೆ. ಯಾವ ಎಮರ್ಜೆನ್ಸಿಗೆ ಹೋದರೂ ಕಾರ್ಡ್ ತೋರಿಸಿದರೆ ಬೇಗ ನೋಡುತ್ತಾರೆ. ನಮ್ಮ ಯಜಮಾನರ ಕಾರ್ಡ್ ಈಗಲೂ ಫ್ರಿಜ್ ಮೇಲೆ ಅಂಟಿಸಿದೆ.

ನೀವೂ ಒಂದು ದಪ್ಪ ಕಾಗದದ ಮೇಲೆ ಬರೆದು ಇಟ್ಟುಕೊಳ್ಳಬಹುದಲ್ವಾ? ಕ್ಯಾನ್ಸರಿನ ಹೆಸರು, ಕೀಮೋ ಹೆಸರು, ಕೊನೆಯ ಕೀಮೋ ತಾರೀಕು, ಡಾಕ್ಟರ ನಂಬರ್. ಕನ್ನಡ ಇಂಗ್ಲಿಷ್ ಎರಡರಲ್ಲೂ.

ತುಮರಿ_ಮಗ · ಮಂಗಳವಾರ ಬೆಳಿಗ್ಗೆ 6:30

ರಾತ್ರಿ ಒಂದಕ್ಕೆ ಮೊದಲೇ ತಲುಪಿದೆವು. ಅಕ್ಕ ಹೇಳಿದ ಹಾಗೇ ಹೇಳಿದೆ. ಐದು ನಿಮಿಷಕ್ಕೆ ಆಕ್ಸಿಜನ್ ಹಾಕಿದರು. ಸಿಟಿ ಆಯಿತು. ಎರಡೂ ಶ್ವಾಸಕೋಶದಲ್ಲಿ ಮಸುಕು. ಡಾಕ್ಟರ್ ಪರದೆ ಮೇಲೆ ತೋರಿಸಿದರು, ಕನ್ನಡಿ ಮೇಲೆ ಉಸಿರು ಬಿಟ್ಟರೆ ಹೇಗೆ ಮಬ್ಬಾಗುತ್ತದೋ ಹಾಗೆ. ಮೂರು ದಿನದ ಹಿಂದೆ ಇದೇ ಎದೆಯ ಎಕ್ಸ್‌ರೇ ಕ್ಲಿಯರ್ ಎಂದಿದ್ದರು.

ನ್ಯುಮೋಸಿಸ್ಟಿಸ್ ಅನುಮಾನ. ಬೆಂಗಳೂರಿನ ಡಾಕ್ಟರ್ ಜೊತೆ ಇವರೇ ಮಾತಾಡಿದರು. ಔಷಧ ಈಗಲೇ ಶುರು ಮಾಡಿದ್ದಾರೆ. ನಾಳೆ ಬ್ರಾಂಕೋಸ್ಕೋಪಿ ಅಂತೆ. ಅದು ಬೇಕಾ? ಆಕ್ಸಿಜನ್ ಮೇಲೆ ಇರುವವರಿಗೆ ಗಂಟಲೊಳಗೆ ಪೈಪು ಅಂದರೆ ಅಮ್ಮ ಅಳುತ್ತಿದ್ದಾರೆ.

ಶ್ವಾಸ_ಪಿಜಿ · ಬೆಳಿಗ್ಗೆ 7:05

ಎಷ್ಟು ಲೀಟರ್ ಆಕ್ಸಿಜನ್ ಮೇಲಿದ್ದಾರೆ ಅನ್ನುವುದನ್ನು ನೋಡಿಯೇ ಅವರು ನಿರ್ಧರಿಸಿರುತ್ತಾರೆ. ಅಮ್ಮನಿಗೆ ಹೀಗೆ ಹೇಳಿ: ಸಣ್ಣ ಪೈಪು, ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ, ಒಂದು ಭಾಗಕ್ಕೆ ಸಲೈನ್ ಬಿಟ್ಟು ವಾಪಸ್ ಎಳೆದುಕೊಳ್ಳುತ್ತಾರೆ. ಆ ತೊಳೆದ ನೀರಿನಲ್ಲಿ ಎಲ್ಲವನ್ನೂ ಹುಡುಕಬಹುದು. ನ್ಯುಮೋಸಿಸ್ಟಿಸ್ ಪಿಸಿಆರ್, ಟಿಬಿಗೆ ಸಿಬಿನ್ಯಾಟ್ ಪರೀಕ್ಷೆ, ಬೂಷ್ಟಿಗೆ ಗ್ಯಾಲಕ್ಟೋಮನ್ನನ್ ಪರೀಕ್ಷೆ, ವೈರಸ್, ಬ್ಯಾಕ್ಟೀರಿಯಾ ಕಲ್ಚರ್. ಕಫವೇ ಬರದವರಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಯಾಕೆ ಬೇಕು ಅಂದರೆ, ಈ ಮಬ್ಬು ಸೋಂಕೇ ಆಗಬೇಕೆಂದಿಲ್ಲ. ಕೆಲವು ಕೀಮೋ ಔಷಧಗಳೇ ಶ್ವಾಸಕೋಶಕ್ಕೆ ಉರಿ ತರುತ್ತವೆ. ಬ್ಲಿಯೋಮೈಸಿನ್, ಮೆಥೊಟ್ರೆಕ್ಸೇಟ್, ಅಪರೂಪಕ್ಕೆ ರಿಟುಕ್ಸಿಮ್ಯಾಬ್ ಕೂಡ. ಅದಕ್ಕೆ ಚಿಕಿತ್ಸೆ ಸ್ಟೀರಾಯ್ಡ್. ಬೂಷ್ಟು ಇದ್ದವರಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

ಹುಬ್ಬಳ್ಳಿ_ಅಣ್ಣ · ಬೆಳಿಗ್ಗೆ 8:12

ಬೂಷ್ಟಿನ ಮಾತು ಬಂತು, ನನ್ನ ತಮ್ಮನ ಕಥೆ ಹೇಳುತ್ತೇನೆ. ಎಎಮ್‌ಎಲ್, ರಕ್ತದ ಕ್ಯಾನ್ಸರ್. ಮೊದಲ ಕೀಮೋಗೆ ಏಳು ಪ್ಲಸ್ ಮೂರು ಅನ್ನುತ್ತಾರೆ, ಏಳು ದಿನ ಒಂದು ಔಷಧ, ಮೂರು ದಿನ ಇನ್ನೊಂದು. ಕೌಂಟ್ ಸುಮಾರು ಮೂರು ವಾರ ನೆಲಕಚ್ಚಿತ್ತು. ಜ್ವರ ಬಂತು, ಆಂಟಿಬಯಾಟಿಕ್ ಬದಲಾಯಿಸಿದರು, ಆರನೇ ದಿನವೂ ಇಳಿಯಲಿಲ್ಲ. ಸಿಟಿಯಲ್ಲಿ ಒಂದು ಗಂಟು, ಸುತ್ತ ಚಂದ್ರನಿಗೆ ಕೊಡೆ ಕಟ್ಟಿದ ಹಾಗೆ ಮಂಜು. ಆಸ್ಪರ್ಜಿಲಸ್ ಅಂದರು. ಬೂಷ್ಟಿನ ಔಷಧ ವೊರಿಕೊನಜೋಲ್ ಶುರು.

ಆ ಔಷಧ ಹಾಕಿದ ಅರ್ಧ ಗಂಟೆಗೆ ತಮ್ಮ "ಅಣ್ಣಾ, ಟ್ಯೂಬ್‌ಲೈಟ್ ಯಾಕೆ ಇಷ್ಟು ಬಣ್ಣ ಬಣ್ಣ?" ಅಂದ. ನಾನು ಬೆದರಿ ನರ್ಸ್ ಹತ್ತಿರ ಓಡಿದೆ. ಅದು ಆ ಔಷಧದ ಗುಣವಂತೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಇನ್ನೊಂದು ಯಾರೂ ಮೊದಲೇ ಹೇಳಿರಲಿಲ್ಲ. ಕೌಂಟ್ ಏರತೊಡಗಿದ ದಿನ ನಾವೆಲ್ಲ ಪೇಢೆ ತರಿಸೋಣ ಅಂತಿದ್ದೆವು. ಅದೇ ದಿನ ಕೆಮ್ಮಿನಲ್ಲಿ ರಕ್ತ ಬಂತು, ಒಂದು ಚಮಚದಷ್ಟು. ಬಿಳಿ ಕಣ ವಾಪಸ್ ಬಂದು ಬೂಷ್ಟಿನ ಜೊತೆ ಜಗಳಕ್ಕೆ ಬಿದ್ದಾಗ ಆ ಜಾಗ ಒಡೆಯಬಹುದಂತೆ. ಅದಕ್ಕೇ ಕೌಂಟ್ ಬಂತು ಅಂತ ಕಾವಲು ಸಡಿಲ ಬಿಡಬಾರದು. ಈಗ ಎರಡು ವರ್ಷ ಆಯಿತು, ತಮ್ಮ ಅಂಗಡಿಗೆ ಹೋಗುತ್ತಾನೆ.

ನಮ್ಮ ಓಣಿಯಲ್ಲಿ ಆಗ ಹಳೇ ಮಣ್ಣಿನ ಗೋಡೆ ಕೆಡವುತ್ತಿದ್ದರು. ಅದರಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ. ಆದರೆ ನಾನು ಆ ಧೂಳನ್ನು ಮರೆತಿಲ್ಲ.

ನಾಟಿ_ಮದ್ದು · ಬೆಳಿಗ್ಗೆ 9:00

ಇಷ್ಟೆಲ್ಲ ಔಷಧ ಕೊಟ್ಟು ದೇಹವನ್ನು ಸುಡುವುದಕ್ಕಿಂತ ಅಮೃತಬಳ್ಳಿ, ತುಳಸಿ, ಕಾಳುಮೆಣಸಿನ ಕಷಾಯ ಕೊಡಬೇಕು. ನಮ್ಮ ಹಿರಿಯರು ಕೆಮ್ಮಿಗೆ ಇದನ್ನೇ ಕೊಟ್ಟು ಉಳಿಸಿದ್ದಾರೆ. ಶ್ವಾಸಕೋಶಕ್ಕೆ ಬಲ ಬರುತ್ತದೆ.

ವಾರ್ಡ್_ಅಕ್ಕ · ಬೆಳಿಗ್ಗೆ 9:14

ನಿಮ್ಮ ಕಾಳಜಿ ಗೊತ್ತಾಗುತ್ತದೆ. ನನ್ನ ಮನೆಯಲ್ಲೂ ನೆಗಡಿಗೆ ಕಾಳುಮೆಣಸಿನ ಕಷಾಯವೇ. ಆದರೆ ಕೀಮೋ ನಡೆಯುತ್ತಿರುವವರಿಗೆ ಅಮೃತಬಳ್ಳಿ ದಯವಿಟ್ಟು ಹೇಳಬೇಡಿ. ಕೋವಿಡ್ ಕಾಲದಲ್ಲಿ ದಿನಾ ಕುಡಿದು ಲಿವರ್ ಊದಿಕೊಂಡವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಲಿವರ್ ಕೆಟ್ಟರೆ ಕೀಮೋನೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಕಷಾಯ ಕುಡಿದು ನೋಡೋಣ ಅಂತ ಕಳೆದ ಮೂರು ದಿನ. ಅವು ವಾಪಸ್ ಬರುವುದಿಲ್ಲ.

ನಾಟಿ_ಮದ್ದು · ಬೆಳಿಗ್ಗೆ 9:30

ಅಮೃತಬಳ್ಳಿ ಬಗ್ಗೆ ನಾನು ಒಪ್ಪುವುದಿಲ್ಲ. ಆದರೆ ತಡ ಮಾಡಬಾರದು ಅನ್ನುವುದು ಸರಿ. ಆ ತಂದೆ ಗುಣವಾಗಲಿ.

ಕೋಲಾರ_ಸುಬ್ಬಣ್ಣ · ಮಧ್ಯಾಹ್ನ 1:25

ಟಿಬಿ ಅಂತ ಒಂದು ಸಾಲು ಬಂತು. ಅದಕ್ಕೆ ಇನ್ನೂ ಸ್ವಲ್ಪ ಜಾಗ ಕೊಡಿ. ನಮ್ಮ ತಾಯಿಗೆ ಶ್ವಾಸಕೋಶದಲ್ಲಿ ನೆರಳು ಕಂಡಿತು. ಕಫದಲ್ಲಿ ಏನೂ ಸಿಗಲಿಲ್ಲ. ಆದರೂ ಟಿಬಿ ಇರಬಹುದು ಅಂತ ಮಾತ್ರೆ ಶುರು ಮಾಡಿದರು. ನಾಲ್ಕು ತಿಂಗಳು ನುಂಗಿದರು. ಕೊನೆಗೆ ಸೂಜಿ ಹಾಕಿ ನೋಡಿದರೆ ಕ್ಯಾನ್ಸರ್. ಆಮೇಲೆ ಕೀಮೋ. ಕೀಮೋ ಮಧ್ಯೆ ಮತ್ತೆ ಜ್ವರ, ರಾತ್ರಿ ಬೆವರು. ಈ ಸಲ ನಿಜವಾಗಿಯೂ ಟಿಬಿ ಬಂದಿತ್ತು! ನಾವು "ಆಗಲೇ ಟಿಬಿ ಮಾತ್ರೆ ತಿಂದಿದ್ದಾರಲ್ಲ" ಅಂತ ಹೇಳಿಕೊಂಡು ಎರಡು ವಾರ ಕಳೆದುಬಿಟ್ಟಿದ್ದೆವು.

ಶ್ವಾಸ_ಪಿಜಿ · ಮಧ್ಯಾಹ್ನ 2:10

ಸುಬ್ಬಣ್ಣನವರೇ, ಎರಡೂ ದಿಕ್ಕಿನಲ್ಲಿ ಈ ತಪ್ಪು ಆಗುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ಜನರ ಎದೆಯಲ್ಲಿ ಟಿಬಿ ಸದ್ದಿಲ್ಲದೆ ಮಲಗಿರುತ್ತದೆ. ಕೀಮೋ, ಸ್ಟೀರಾಯ್ಡ್ ಅದನ್ನು ಎಬ್ಬಿಸುತ್ತವೆ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಮತ್ತು ಮಾತ್ರೆ ಉಚಿತ, ಅದನ್ನು ಬಳಸಿಕೊಳ್ಳಿ. ಒಂದು ತೊಡಕು ಇದೆ. ಟಿಬಿಯ ಮಾತ್ರೆ ರಿಫಾಂಪಿಸಿನ್ ರಕ್ತದಲ್ಲಿ ಇತರ ಹಲವು ಔಷಧಗಳ ಮಟ್ಟವನ್ನು ಇಳಿಸಿಬಿಡುತ್ತದೆ. ಹುಬ್ಬಳ್ಳಿ ಅಣ್ಣ ಹೇಳಿದ ವೊರಿಕೊನಜೋಲ್ ಜೊತೆಗಂತೂ ಕೊಡುವಂತಿಲ್ಲ. ಹಾಗಾಗಿ ಟಿಬಿ ಡಾಕ್ಟರೂ ಕ್ಯಾನ್ಸರ್ ಡಾಕ್ಟರೂ ಮಾತಾಡಿಕೊಳ್ಳುವಂತೆ ನೀವೇ ಒತ್ತಾಯ ಮಾಡಬೇಕಾಗುತ್ತದೆ.

ಮಂಡ್ಯ_ಗೌಡ · ಸಂಜೆ 6:40

ನನ್ನ ಸಿಟ್ಟು ಬೇರೆ. ನೋಡಲು ಬರುವವರದ್ದು. ನಮ್ಮ ಅಣ್ಣನಿಗೆ ಕೀಮೋ ಆಗಿ ವಾರ ಆಗಿಲ್ಲ, ದಿನಕ್ಕೆ ಇಪ್ಪತ್ತು ಜನ. ಒಬ್ಬರಿಗೆ ನೆಗಡಿ, ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಬಂದು ಮಂಚದ ಮೇಲೇ ಕೂರುತ್ತಾರೆ. ಬರಬೇಡಿ ಅಂದರೆ "ದುಡ್ಡು ಬಂದ ಮೇಲೆ ಸೊಕ್ಕು" ಅಂತ ಊರೆಲ್ಲ ಮಾತು. ಏನು ಮಾಡಬೇಕು ಹೇಳಿ?

ತುಮಕೂರು_ಟೀಚರ್ · ಸಂಜೆ 7:01

ಗೌಡ್ರೇ, ನಾವು ಜಗಲಿಯಲ್ಲೇ ಎರಡು ಕುರ್ಚಿ ಹಾಕಿದ್ದೆವು. ನಾನು ಒಳಗೆ, ಕಿಟಕಿ ಪಕ್ಕ. ಬಂದವರು ಕಿಟಕಿಯಿಂದ ಮಾತಾಡಿ ಕಾಫಿ ಕುಡಿದು ಹೋಗುತ್ತಿದ್ದರು. ಯಾರಿಗೂ ಅವಮಾನ ಆಗಲಿಲ್ಲ. ಮಾತು ಬೇಕಿತ್ತು ನನಗೆ. ಒಂದೇ ಕೋಣೆಯಲ್ಲಿ ಯಾರೂ ಬರದೆ ಇದ್ದರೆ ಅದೂ ಒಂದು ಕಾಯಿಲೆ.

ವಾರ್ಡ್_ಅಕ್ಕ · ಸಂಜೆ 7:20

ಕಿಟಕಿ ಒಳ್ಳೆಯ ಉಪಾಯ. ಹಳ್ಳಿ ಮನೆಯವರು ಇನ್ನೂ ಕೆಲವು ನೋಡಿಕೊಳ್ಳಿ. ಹುಲ್ಲಿನ ಬಣವೆ ಕೆದಕುವಾಗ, ಗೊಬ್ಬರದ ಗುಂಡಿ ತೆಗೆಯುವಾಗ, ಒಣಗಿದ ಅಡಿಕೆ ಸುಲಿಯುವ ಕಡೆ, ಮನೆ ರಿಪೇರಿ ನಡೆಯುವ ಕಡೆ ಕೀಮೋದವರು ಇರಬಾರದು. ಬೂಷ್ಟಿನ ಕಣ ಅಲ್ಲೇ ಜಾಸ್ತಿ ಹಾರುತ್ತದೆ. ಬೆಂಗಳೂರಿನವರು ಬಾಲ್ಕನಿಯ ಪಾರಿವಾಳದ ಹಿಕ್ಕೆಯನ್ನು ರೋಗಿಯ ಕೈಯಲ್ಲಿ ಗುಡಿಸಿಸಬೇಡಿ. ಊಟದ ವಿಷಯಕ್ಕೆ ಮಾತ್ರ ಅತಿ ಮಾಡಬೇಡಿ. ಚೆನ್ನಾಗಿ ತೊಳೆದ ಹಣ್ಣು ತಿನ್ನಬಹುದು. ಹಣ್ಣು ತರಕಾರಿ ಪೂರ್ತಿ ಬಿಡಿಸುವುದರಿಂದ ಸೋಂಕು ಕಡಿಮೆಯಾಗುತ್ತದೆ ಅಂತ ಸಾಬೀತಾಗಿಲ್ಲ.

ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ರೋಗಿಗೆ ಯಾವ ಲಸಿಕೆ ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಲಿ. ಜೀವಂತ ವೈರಸ್ ಇರುವ ಲಸಿಕೆ ಕೀಮೋ ಸಮಯದಲ್ಲಿ ಕೊಡುವುದಿಲ್ಲ.

ತುಮರಿ_ಮಗ · ಶುಕ್ರವಾರ ರಾತ್ರಿ 10:05

ಬ್ರಾಂಕೋಸ್ಕೋಪಿ ಬುಧವಾರ ಆಯಿತು. ಇವತ್ತು ರಿಪೋರ್ಟ್. ನ್ಯುಮೋಸಿಸ್ಟಿಸ್ ಪಾಸಿಟಿವ್. ಟಿಬಿ ಇಲ್ಲ. ಬೂಷ್ಟು ಇಲ್ಲ. ಆಕ್ಸಿಜನ್ 6 ಲೀಟರ್‌ನಿಂದ 3ಕ್ಕೆ ಇಳಿದಿದೆ. ಐದನೇ ಕೀಮೋ ಮುಂದಕ್ಕೆ ಹೋಗಿದೆ.

ಒಂದು ವಿಷಯ ಹೇಳಿಕೊಳ್ಳಲೇಬೇಕು. ಅವತ್ತು ಮಾತ್ರೆ ಡಬ್ಬಿ ಪೂರ್ತಿ ತನ್ನಿ ಅಂದಿದ್ದಿರಲ್ಲ ಅಕ್ಕ. ಅದು ಅಮ್ಮನ ಹಳೇ ಸ್ಟೀಲಿನ ಡಬ್ಬಿ. ಶಿವಮೊಗ್ಗದ ಡಾಕ್ಟರ್ ಒಂದೊಂದೇ ಶೀಟು ತೆಗೆದು ನೋಡಿದರು. ಅಡಿಯಲ್ಲಿ ಸೆಪ್ಟ್ರಾನ್ ಅನ್ನುವ ಆಂಟಿಬಯಾಟಿಕ್ ಶೀಟು ಸಿಕ್ಕಿತು, ಮಡಚಿಹೋಗಿತ್ತು, ಇನ್ನೂ ಮೂರು ಮಾತ್ರೆ ಉಳಿದಿದ್ದವು. ಎರಡನೇ ಕೀಮೋ ಹೊತ್ತಿಗೆ ಕೊಟ್ಟಿದ್ದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇತ್ತು, ಸೋಮ ಬುಧ ಶುಕ್ರ, ಮುಂದುವರಿಸಿ ಅಂತ. ಅಪ್ಪನಿಗೆ ಹೊಟ್ಟೆ ತೊಳಸುತ್ತಿತ್ತು. ಅದು ಯಾವುದೋ ಹಳೇ ಇನ್ಫೆಕ್ಷನ್ನಿನ ಕೋರ್ಸ್, ಮುಗಿಯಿತು ಅಂತ ನಾನೇ ನಿಲ್ಲಿಸಿದ್ದೆ. ಈಗ ಕೊಡುತ್ತಿರುವ ಔಷಧವೂ ಅದೇ. ಅದೇ ಸೆಪ್ಟ್ರಾನ್, ಆದರೆ ದೊಡ್ಡ ಡೋಸ್, ಡ್ರಿಪ್ಪಿನಲ್ಲಿ.

ಮೂರು ದಿನದಿಂದ ಆ ಶೀಟು ನನ್ನ ಜೇಬಿನಲ್ಲೇ ಇದೆ.

ಪುಟ್ಟಿ_ಅಮ್ಮ · ರಾತ್ರಿ 10:22

ತಮ್ಮಾ, ಹಾಗೆ ಕೊರಗಬೇಡ. ನನ್ನ ಮಗಳಿಗೆ ಏಳು ವರ್ಷ, ಎಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್. ಸೆಪ್ಟ್ರಾನ್ ಯಾಕೆ ಅಂತ ಮೊದಲ ಆರು ತಿಂಗಳು ನನಗೂ ಗೊತ್ತಿರಲಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ಸುಮ್ನೆ ಯಾಕೆ ಮಾತ್ರೆ ಅಂತ ಅನ್ನಿಸುತ್ತಿತ್ತು. ಈ ನ್ಯುಮೋಸಿಸ್ಟಿಸ್ ಬರದ ಹಾಗೆ ನೋಡಿಕೊಳ್ಳುವ ಮಾತ್ರೆ ಅಂತ ಒಬ್ಬರು ಕೂರಿಸಿಕೊಂಡು ಹೇಳಿದ ಮೇಲೆ ತಿಳಿಯಿತು. ನಮಗೆ ಶನಿವಾರ ಭಾನುವಾರ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಮಗಳೇ ನೀಲಿ ಪೆನ್ನಿನಲ್ಲಿ ಮೀನು ಬರೆಯುತ್ತಾಳೆ. ಚಿಕಿತ್ಸೆ ಮುಗಿಯುವವರೆಗೂ ಇದೆ. ಎರಡು ವರ್ಷದ ಮೀನು ತುಂಬಿದೆ ಗೋಡೆಯಲ್ಲಿ.

ಹುಬ್ಬಳ್ಳಿ_ಅಣ್ಣ · ರಾತ್ರಿ 10:30

ಒಂದು ಅರ್ಥ ಆಗಲಿಲ್ಲ. ನ್ಯುಮೋಸಿಸ್ಟಿಸ್ ಕೂಡ ಬೂಷ್ಟಿನ ಜಾತಿ ಅಂತ ಓದಿದ್ದೆ. ಮತ್ತೆ ಬೂಷ್ಟು ಇಲ್ಲ ಅಂತ ರಿಪೋರ್ಟ್? ನನ್ನ ತಮ್ಮನ ವೊರಿಕೊನಜೋಲ್ ಇದಕ್ಕೆ ಯಾಕೆ ಕೊಡಲಿಲ್ಲ?

ಶ್ವಾಸ_ಪಿಜಿ · ರಾತ್ರಿ 10:48

ಒಳ್ಳೆಯ ಪ್ರಶ್ನೆ. ಅದು ಶಿಲೀಂಧ್ರವೇ, ಆಸ್ಪರ್ಜಿಲಸ್ ಥರದ ಬೂಷ್ಟಲ್ಲ ಅಷ್ಟೇ. ಬಹಳ ಕಾಲ ಪ್ರೊಟೊಜೋವಾ, ಅಂದರೆ ಮಲೇರಿಯಾ ತರುವ ಜೀವಿಯ ಥರದ್ದು ಅಂದುಕೊಂಡಿದ್ದರು. ಆದರೆ ಸಾಮಾನ್ಯ ಶಿಲೀಂಧ್ರದ ಹೊರಪದರದಲ್ಲಿ ಎರ್ಗೊಸ್ಟಿರಾಲ್ ಅಂತ ಇರುತ್ತದೆ, ವೊರಿಕೊನಜೋಲ್, ಆಂಫೊಟೆರಿಸಿನ್ ಥರದ ಶಿಲೀಂಧ್ರದ ಔಷಧಗಳು ಹೊಡೆಯುವುದು ಅದಕ್ಕೇ. ಇದರಲ್ಲಿ ಅದು ಇಲ್ಲ. ಹಾಗಾಗಿ ಆ ದುಬಾರಿ ಔಷಧಗಳು ಇದಕ್ಕೆ ಕೆಲಸ ಮಾಡುವುದಿಲ್ಲ, ಆಂಟಿಬಯಾಟಿಕ್ ಆದ ಸೆಪ್ಟ್ರಾನ್ ಮಾಡುತ್ತದೆ. ಹಾಗೇ ವೊರಿಕೊನಜೋಲ್ ಮ್ಯೂಕರ್‌ಗೂ ಆಗುವುದಿಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ಅಂತ ಊರೆಲ್ಲ ಆಂಫೊಟೆರಿಸಿನ್ ಹುಡುಕಿ ಅಲೆದದ್ದು ನೆನಪಿದೆಯಲ್ಲ, ಅದೇ ಕಾರಣ.

ಸೆಪ್ಟ್ರಾನ್ ಸಲ್ಫಾ ಜಾತಿಯ ಔಷಧ, ಸಲ್ಫಾ ಅಲರ್ಜಿ ಇರುವವರು ಮೊದಲೇ ಹೇಳಬೇಕು. ಅವರಿಗೆ ಬೇರೆ ಔಷಧಗಳಿವೆ. ಹೊಟ್ಟೆ ತೊಳಸಿದರೂ ಹೇಳಿ, ನೀವೇ ನಿಲ್ಲಿಸಬೇಡಿ. ತುಮರಿಯವರೇ, ಅಪ್ಪ ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಾ? ಹೌದಾದರೆ ಸ್ಟ್ರಾಂಗಿಲಾಯ್ಡಿಸ್ ಅನ್ನುವ ಹುಳುವಿಗೂ ಒಮ್ಮೆ ಪರೀಕ್ಷೆ ಮಾಡಿಸಲು ಕೇಳಿ. ಸ್ಟೀರಾಯ್ಡ್ ಮೇಲಿರುವವರಲ್ಲಿ ಅದು ಶ್ವಾಸಕೋಶಕ್ಕೂ ಹರಡಬಹುದು.

ತುಮರಿ_ಮಗ · ಹತ್ತು ದಿನದ ನಂತರ, ಸೋಮವಾರ ಸಂಜೆ 5:15

ಮನೆಗೆ ಬಂದೆವು. ಕೂತಾಗ 97, ಅಂಗಳ ಒಂದು ಸುತ್ತು ನಡೆದರೆ 94. ಮಾತ್ರೆ ಇನ್ನೂ ಒಂದು ವಾರ ದೊಡ್ಡ ಡೋಸ್, ಮೂರು ವಾರ ತುಂಬುವವರೆಗೆ. ಆಮೇಲೆ ಸೋಮ ಬುಧ ಶುಕ್ರ. ಹುಳುವಿನ ಪರೀಕ್ಷೆ ಮಾಡಿದರು, ಇಲ್ಲ.

ಮಧ್ಯೆ ಪೊಟ್ಯಾಸಿಯಂ 5.9ಕ್ಕೆ ಹೋಗಿತ್ತು. ಸೆಪ್ಟ್ರಾನ್ ದೊಡ್ಡ ಡೋಸಿನಲ್ಲಿ ಹಾಗಾಗುತ್ತದಂತೆ. ನೋಡಲು ಬಂದವರೆಲ್ಲ ಎಳನೀರು ತಂದಿದ್ದರು, ಅಪ್ಪ ದಿನಕ್ಕೆ ಎರಡು ಕುಡಿಯುತ್ತಿದ್ದರು. ಡಾಕ್ಟರ್ ಎಳನೀರು, ಬಾಳೆಹಣ್ಣು ಎರಡೂ ನಿಲ್ಲಿಸಿದರು. ಸ್ವಂತ ತೋಟದಲ್ಲಿ ಎಳನೀರು ತೂಗುತ್ತಿದೆ, ನಾನು ಕುಡಿಯುವಂತಿಲ್ಲ ಅಂತ ಅಪ್ಪನಿಗೆ ಬೇಜಾರು. ಅದೊಂದು ದೂರು ಬಿಟ್ಟರೆ ಬೇರೇನೂ ಇಲ್ಲ.

ಅಮ್ಮ ಕ್ಯಾಲೆಂಡರಿನಲ್ಲಿ ಮಾತ್ರೆ ದಿನಕ್ಕೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಇವತ್ತು ಬಚ್ಚಲಿಂದ ಬರುವಾಗ ಅಪ್ಪ ಕಂಬ ಹಿಡಿಯಲಿಲ್ಲ. ಐದನೇ ಕೀಮೋ ಮುಂದಿನ ವಾರ ರಕ್ತ ನೋಡಿ ನಿರ್ಧಾರ.

ಪುಟ್ಟಿ_ಅಮ್ಮ · ಸಂಜೆ 5:40

ಕಣ್ಣು ತುಂಬಿ ಬಂತು ತಮ್ಮಾ.

ಗುಬ್ಬಿ_ಶಿವು · ಸಂಜೆ 6:02

ತುಂಬಾ ಸಂತೋಷ ಅಣ್ಣ. ವಾರ್ಡ್ ಅಕ್ಕ, ಅತ್ತೆಗೆ ಕೀಮೋ ಆಗಿ ಇವತ್ತು 8ನೇ ದಿನ. ಈಗ ತಾನೇ ಫೋನ್ ಮಾಡಿದ್ದರು, ಮೈ ಬಿಸಿ ಅನ್ನಿಸುತ್ತಿದೆ ಅಂತ. ಡೋಲೋ ಕೊಡಬೇಡಿ, ಥರ್ಮಾಮೀಟರ್ ಇಡಿ ಅಂದೆ.

ವಾರ್ಡ್_ಅಕ್ಕ · ಸಂಜೆ 6:04

ಸರಿಯಾಗಿ ಹೇಳಿದ್ದೀರಿ. ಎಷ್ಟು ಬಂತು?

ಗುಬ್ಬಿ_ಶಿವು · ಸಂಜೆ 6:11

100.8. ಬಾಯಲ್ಲಿ. ಗಾಡಿ ತೆಗೆಯುತ್ತಿದ್ದೇನೆ.